ಓದುಬಳಗಕ್ಕೆ ಎಂಥ ಬೇರೆ ಲೋಕ ಬೇಕು?

ಓದುಬಳಗ ಕಟ್ಟುವುದು ಅಂಥ ಕಷ್ಟದ ಕೆಲಸವಲ್ಲ. ಮುಂದಿನ ತಿಂಗಳು ಯಾವ ಪುಸ್ತಕ ಅನ್ನುವಲ್ಲಿ ಕಷ್ಟ ಶುರುವಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹತ್ತು ಮಂದಿ ಕೂತು ಮಾತಾಡುವುದಕ್ಕೆ ಜಾಗವನ್ನು ಹುಡುಕಬೇಕಾಗಿಲ್ಲ. ಸಾಮಾಜಿಕ ಕಾದಂಬರಿಯಾದರೆ ಆಯ್ಕೆಗೂ ತಕರಾರಿಲ್ಲ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಅಂದಾಗ ಮಾತ್ರ ಆರಿಸುವವರ ಕೈ ತಡೆಯುತ್ತದೆ; ಕೊನೆಗೆ ಪ್ರಶಸ್ತಿಯ ಪಟ್ಟಿಯನ್ನೋ, ಸಿನಿಮಾ ಆದ ಪುಸ್ತಕವನ್ನೋ ನೆಚ್ಚಿಕೊಳ್ಳುತ್ತಾರೆ. ಅದರ ಬದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬೇರೆ ಲೋಕದ ಕಥೆ ಕಟ್ಟುವವರು ನಮ್ಮ ಲೋಕದ ಒಂದಾದರೂ ಕಟ್ಟಳೆಯನ್ನು ಕಿತ್ತು ಬೇರೊಂದನ್ನು ಇಡುತ್ತಾರೆ. ಈ ಪುಸ್ತಕ ಕಿತ್ತಿರುವ ಕಟ್ಟಳೆ ಯಾವುದು? ಆ ಕಟ್ಟಳೆಯ ವಿಷಯದಲ್ಲಿ ಬಳಗದಲ್ಲಿ ಕೂತವರಿಗೆ ಲೇಖಕರಿಗಿಂತ ಹೆಚ್ಚು ಗೊತ್ತಿದೆಯೇ? ಗೊತ್ತಿದ್ದರೆ ಪುಸ್ತಕ ಎಷ್ಟು ದೂರದ ಗ್ರಹದ್ದಾದರೂ ಮಾತು ನಡೆಯುತ್ತದೆ. ಇಲ್ಲದಿದ್ದರೆ ಓದಿದವರು ‘ಚಲೋ ಐತಿ’ ಅಂದು ಸುಮ್ಮನಾಗುತ್ತಾರೆ.

ನೀರನ್ನೇ ತೆಗೆದುಕೊಳ್ಳಿ. ಫ್ರ್ಯಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಬಂದದ್ದು 1965ರಲ್ಲಿ. ಅಮೆರಿಕದ ಆರೆಗನ್ ಕರಾವಳಿಯಲ್ಲಿ ಸರಿಯುವ ಮರಳುದಿಬ್ಬಗಳನ್ನು ಹುಲ್ಲು ನೆಟ್ಟು ತಡೆಯುವ ಕೆಲಸವನ್ನು ನೋಡಿ ಅವರಿಗೆ ಹೊಳೆದ ಕಥೆ ಅದು. ಅರಾಕಿಸ್ ಎಂಬ ಗ್ರಹದಲ್ಲಿ ಮಳೆಯೆಂಬುದೇ ಇಲ್ಲ. ಅಲ್ಲಿನ ಫ್ರೆಮೆನ್ ಜನ ಬೆವರನ್ನೂ ಉಸಿರಿನ ತೇವವನ್ನೂ ಹಿಡಿದು ಮತ್ತೆ ಕುಡಿಯಲು ಕೊಡುವ ಉಡುಪು ತೊಡುತ್ತಾರೆ. ಸತ್ತವರ ಮೈಯ ನೀರು ಕುಲದ ಆಸ್ತಿ. ಒಬ್ಬರ ಎದುರು ಉಗುಳಿದರೆ ಅದು ಅವಮಾನವಲ್ಲ, ತನ್ನ ಮೈಯ ತೇವವನ್ನೇ ಕೊಟ್ಟ ಮರ್ಯಾದೆ. ಮಳೆಗೆ ಬರವಿಲ್ಲದ ಊರಿನ ಓದುಗರಿಗೆ ಇವು ಬೆರಗಿನ ವಿವರಗಳು, ಅಷ್ಟೇ. ನವಲಗುಂದ, ಅಣ್ಣಿಗೇರಿಯ ಎರೆಸೀಮೆಯಲ್ಲಿ ನೆಲದ ನೀರು ಸವಳು, ಕುಡಿಯುವುದಕ್ಕೆ ಊರ ಕೆರೆ, ಕೆರೆ ತುಂಬುವುದಕ್ಕೆ ಮಲಪ್ರಭೆಯ ಕಾಲುವೆ. ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗುಂಡು ಹಾರಿದ ಸೀಮೆಯಿದು. 2015ರಲ್ಲಿ ಮತ್ತೆ ಕಾವೇರಿದ ಮಹದಾಯಿ ನೀರಿನ ಚಳವಳಿಯನ್ನು ಕಂಡದ್ದೂ ಇದೇ ಸೀಮೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಾಗ ಆ ಅಂಕಿಯನ್ನು ಕಟ್ಟೆಯ ಮೇಲೆ ಕೂತು ಅಳೆದು ತೂಗಿದವರು ಇಲ್ಲಿನ ಜನ. ಇಂಥ ಓದುಗರು ‘ಡ್ಯೂನ್’ನ ಉಡುಪಿಗೆ ಬೆರಗಾಗಿ ನಿಲ್ಲುವುದಿಲ್ಲ. ಫ್ರೆಮೆನ್ನರು ನೆಲದಡಿ ಕೂಡಿಟ್ಟ ನೀರಿನ ಕೀಲಿ ಯಾರ ಕೈಯಲ್ಲಿದೆ, ಕುಲದ ನೀರು ಅಂದರೆ ಕುಲದೊಳಗೆ ಹಂಚುವವರು ಯಾರು, ಎಂದೋ ಹಸಿರಾಗುವ ಗ್ರಹಕ್ಕಾಗಿ ಇವತ್ತಿನ ತಲೆಮಾರು ಬಾಯಾರಿ ಇರಬೇಕೆಂದು ಹೇಳುವ ಹಕ್ಕು ಯಾರಿಗಿದೆ ಎಂದು ಕೇಳುತ್ತಾರೆ. ಇವು ಕಾದಂಬರಿಯ ನಡುಬೆನ್ನಿಗೇ ತಾಗುವ ಪ್ರಶ್ನೆಗಳು.

ಹಾಗೆಂದು ಐದಾರುನೂರು ಪುಟದ ಇಂಗ್ಲಿಷ್ ಪುಸ್ತಕದಿಂದ ಬಳಗ ಶುರುಮಾಡುವುದು ಜಾಣತನವಲ್ಲ. ಇದೇ ನೀರಿನ ಮಾತಿಗೆ ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಇದೆ. ಕಾದಂಬರಿಯಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಕಥೆ. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಬಂಗಾಳದ ಮುಸ್ಲಿಂ ಹೆಣ್ಣುಮಗಳೊಬ್ಬರು ಇಂಗ್ಲಿಷಿನಲ್ಲಿ ಬರೆದ ಈ ಕಥೆಯಲ್ಲಿ ಗಂಡಸರು ಒಳಮನೆಯಲ್ಲಿದ್ದಾರೆ, ನಾಡನ್ನು ಹೆಂಗಸರು ನಡೆಸುತ್ತಾರೆ, ದಿನಕ್ಕೆ ಎರಡೇ ತಾಸು ಕೆಲಸ. ಹೆಣ್ಣುಮಕ್ಕಳ ಒಂದು ವಿಶ್ವವಿದ್ಯಾಲಯ ಬಿಸಿಲ ಕಾವನ್ನು ಕೂಡಿಡುವ ಉಪಾಯ ಕಂಡುಹಿಡಿದರೆ, ಇನ್ನೊಂದು ವಿಶ್ವವಿದ್ಯಾಲಯ ಬಲೂನು ಹಾರಿಸಿ ಕೊಳವೆಯಿಂದ ಮೋಡದ ನೀರನ್ನೇ ಇಳಿಸಿಕೊಳ್ಳುತ್ತದೆ. ಬೇಕಾದಷ್ಟು ನೀರು ಹೀಗೆ ಇಳಿಯುತ್ತಿದ್ದ ಮೇಲೆ ಮೋಡ ಕವಿಯುವುದೇ ನಿಲ್ಲುತ್ತದೆ, ಮಳೆಗಾಳಿಯ ಕಾಟ ತಪ್ಪುತ್ತದೆ. ಲೇಖಕಿಗೆ ಇದು ಸಂತೋಷದ ಸಂಗತಿ. ಹಿಂಗಾರು ಮಳೆ ನಂಬಿ ಕಡಲೆ ಬಿತ್ತುವವರ ಬಳಗದಲ್ಲಿ ಇದೇ ವಾಕ್ಯಕ್ಕೆ ಜಗಳ ಏಳಬಹುದು: ಒಂದು ನಾಡಿನವರು ಮೋಡ ಹಿಂಡಿಕೊಂಡರೆ ಪಕ್ಕದ ನಾಡಿನ ಹೊಲದ ಗತಿ ಏನು? ಎರಡು ತಾಸಿನ ದುಡಿಮೆಯ ಮಾತಿಗೆ ಬಂದರೆ, ಹೊಲದಲ್ಲಿ ಕಳೆ ತೆಗೆದು ಬಂದು ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವವರಿಗೆ ಹೇಳಲು ಬೇಕಾದಷ್ಟಿದೆ. ರೊಕೆಯಾ ಪಲ್ಲಟ ಮಾಡಿದ ಕಟ್ಟಳೆಯನ್ನು ಈ ಓದುಗರು ದಿನವೂ ಹೊತ್ತು ತಿರುಗುತ್ತಾರೆ.

ಹೋಲಿಕೆ ಇದ್ದರೆ ಸಾಕು ಅನ್ನುವ ಅರ್ಥ ಇದಕ್ಕೆ ಬರಬಾರದು. ಆ್ಯಂಡಿ ವೀರ್ ಅವರ ‘ದಿ ಮಾರ್ಷಿಯನ್’ನಲ್ಲಿ ಮಂಗಳ ಗ್ರಹದ ಮೇಲೆ ಒಬ್ಬನೇ ಸಿಕ್ಕಿಬಿದ್ದ ಸಸ್ಯವಿಜ್ಞಾನಿ ಮನುಷ್ಯರ ಮಲವನ್ನೇ ಗೊಬ್ಬರ ಮಾಡಿ ಆಲೂಗಡ್ಡೆ ಬೆಳೆಯುತ್ತಾನೆ. ರೈತರ ಬಳಗಕ್ಕೆ ಇದಕ್ಕಿಂತ ಹೊಂದುವ ಪುಸ್ತಕ ಯಾವುದು ಎಂದು ಮೊದಲ ನೋಟಕ್ಕೆ ಅನಿಸೀತು. ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಬೇಸಾಯದ ಯಾವ ಕಟ್ಟಳೆಯನ್ನೂ ಮುಟ್ಟುವುದಿಲ್ಲ. ಬದುವಿನ ಆಚೆ ಇನ್ನೊಬ್ಬ ರೈತನಿಲ್ಲ, ಪೇಟೆಯ ದರವಿಲ್ಲ, ಆಳುಕಾಳಿನ ತಕರಾರಿಲ್ಲ, ಬ್ಯಾಂಕಿನ ನೋಟಿಸಿಲ್ಲ. ಗೊಬ್ಬರದ ಲೆಕ್ಕ ಸರಿಯೋ ತಪ್ಪೋ ಎಂದು ಅರ್ಧ ತಾಸು ಮಾತಾಡಿದ ಮೇಲೆ ಉಳಿಯುವುದು ಒಬ್ಬ ಗಟ್ಟಿಗನ ಸಾಹಸ. ಒಂಟಿಯಾಗಿ ಓದುವುದಕ್ಕೆ ಒಳ್ಳೆಯದು, ಬಳಗಕ್ಕೆ ಬೇಡ.

ಮೊದಲ ಆಕ್ಷೇಪ ಬರುವುದು ಹಿರಿಯರಿಂದ: ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ, ಅಲ್ಲಿ ಇಲ್ಲದ ಅದ್ಭುತ ಈ ಪುಸ್ತಕಗಳಲ್ಲಿ ಏನಿದೆ? ಈ ಮಾತನ್ನು ತಳ್ಳಿಹಾಕುವ ಬದಲು ಅದರ ಜಾಡು ಹಿಡಿದು ಹೋಗುವುದು ಲಾಭ. ಅಣ್ಣಿಗೇರಿಯ ನಂಟಿರುವ ಪಂಪ ‘ಆದಿಪುರಾಣ’ವನ್ನು ಬರೆದದ್ದು 941ರಲ್ಲಿ. ಅದಕ್ಕೆ ಮೂಲ, ರಾಷ್ಟ್ರಕೂಟರ ಕಾಲದ ಜಿನಸೇನನ ‘ಪೂರ್ವಪುರಾಣ’. ಅಲ್ಲಿ ಭೋಗಭೂಮಿಯ ಜನಕ್ಕೆ ಬೇಕಾದ್ದನ್ನೆಲ್ಲ ಕಲ್ಪವೃಕ್ಷಗಳೇ ಕೊಡುತ್ತವೆ. ಬೆಳಕು ಕೊಡುವುದಕ್ಕೂ ಒಂದು ಜಾತಿಯ ಮರವಿದೆ. ಕಾಲ ಸರಿದು ಆ ಮರಗಳ ಕಾಂತಿ ಕುಂದಿದ ಸಂಜೆ ಜನಕ್ಕೆ ಮೊಟ್ಟಮೊದಲು ಸೂರ್ಯ ಚಂದ್ರರು ಕಾಣುತ್ತಾರೆ, ಜನ ಹೆದರಿ ನಡುಗುತ್ತಾರೆ. ಅವು ಮೊದಲಿನಿಂದಲೂ ಅಲ್ಲಿಯೇ ಇದ್ದವು ಎಂದು ತಿಳಿಸಿ ಧೈರ್ಯ ಹೇಳಲು ಜನರ ಮುಂದಾಳಾದ ಒಬ್ಬ ಕುಲಕರ ಬರಬೇಕಾಗುತ್ತದೆ. ಮುಂದೆ ಮರಗಳು ಪೂರ್ತಿ ಕೈಬಿಟ್ಟಾಗ ಆದಿನಾಥ ಜನಕ್ಕೆ ಕೃಷಿಯನ್ನೂ ಕಸುಬುಗಳನ್ನೂ ಕಲಿಸುತ್ತಾನೆ. ಪಂಪನ ಕಾವ್ಯಕ್ಕೆ ಸರಿಯಾಗಿ ಸಾವಿರ ವರ್ಷ ತುಂಬಿದ 1941ರಲ್ಲಿ ಐಸಾಕ್ ಅಸಿಮೋವ್ ಅವರ ‘ನೈಟ್‌ಫಾಲ್’ ಕಥೆ ಬಂತು. ಆರು ಸೂರ್ಯರಿರುವ ಲಾಗಾಶ್ ಗ್ರಹದಲ್ಲಿ ಎರಡು ಸಾವಿರ ವರ್ಷಕ್ಕೊಮ್ಮೆ ಕತ್ತಲಾಗುತ್ತದೆ, ನಕ್ಷತ್ರ ಕಂಡ ಜನ ಹುಚ್ಚರಾಗುತ್ತಾರೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಯಾರೂ ಹೇಳಬಾರದು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕೂ ಇದು ಆಧಾರವಲ್ಲ. ಆಕಾಶದ ಒಂದು ಕಟ್ಟಳೆಯನ್ನು ಪಲ್ಲಟ ಮಾಡಿ ಮನುಷ್ಯರ ಅಂಜಿಕೆಯನ್ನು ಪರೀಕ್ಷಿಸುವ ಬಗೆ ಎರಡರಲ್ಲೂ ಒಂದೇ, ಹಾಗಾಗಿ ಪುರಾಣ ಕೇಳಿ ಬೆಳೆದವರಿಗೆ ಸೈನ್ಸ್ ಫಿಕ್ಷನ್ ಹೊಸ ಭಾಷೆಯಾಗುವುದಿಲ್ಲ. ಎರಡನ್ನೂ ಒಂದೇ ತಿಂಗಳಿಗೆ ಇಟ್ಟು, ಒಂದು ಕಡೆ ಜನ ತಿಳಿವಳಿಕೆಯಿಂದ ಚೇತರಿಸಿಕೊಂಡರೆ ಇನ್ನೊಂದು ಕಡೆ ಯಾಕೆ ಚೇತರಿಸಿಕೊಳ್ಳಲಿಲ್ಲ ಎಂದು ಕೇಳಿದರೆ ಸಾಕು.

ಪುರಾಣದ ವಸ್ತುವಿನ ಕಾದಂಬರಿಯನ್ನೇ ಫ್ಯಾಂಟಸಿಯೆಂದು ಆರಿಸಬಹುದೇ ಅನ್ನುವುದು ಇದಕ್ಕಿಂತ ನಾಜೂಕಾದ ಪ್ರಶ್ನೆ. ದೇವುಡು ಅವರ ‘ಮಹಾಕ್ಷತ್ರಿಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ಮನುಷ್ಯನಾದ ನಹುಷ ಇಂದ್ರ ಪದವಿಗೆ ಏರುವ ಕಥೆಯಲ್ಲಿ ಚರ್ಚೆಗೆ ಸರಕು ಧಾರಾಳವಾಗಿದೆ. ತೊಡಕಿರುವುದು ಬೇರೆ ಕಡೆ. ಬಳಗದ ಅರ್ಧ ಜನಕ್ಕೆ ಅದು ಕಲ್ಪನೆ, ಉಳಿದರ್ಧಕ್ಕೆ ನಂಬಿಕೆ. ಕಲ್ಪಿತ ಲೋಕದ ರಾಜನನ್ನು ಯಾರು ಬೇಕಾದರೂ ತರಾಟೆಗೆ ತೆಗೆದುಕೊಳ್ಳಬಹುದು. ದೇವಲೋಕದ ಮಾತು ಬಂದಾಗ ಸೊಸೆಯಂದಿರು, ಕಿರಿಯರು ಬಾಯಿ ಬಿಗಿಹಿಡಿಯುತ್ತಾರೆ. ಅದಕ್ಕೆ ಮೊದಲ ವರ್ಷ ಯಾರ ಪೂಜೆಗೂ ಸೇರದ ಲೋಕಗಳೇ ಇರಲಿ. ಒಬ್ಬರ ಮಾತನ್ನು ಇನ್ನೊಬ್ಬರು ತಾಳಿಕೊಳ್ಳುವುದು ರೂಢಿಯಾದ ಮೇಲೆ ದೇವುಡು ಬರಲಿ.

ಎರಡನೇ ಆಕ್ಷೇಪ ಶಾಲೆಯ ವಿಜ್ಞಾನ ಮಾಸ್ತರರದ್ದು: ವಿಜ್ಞಾನ ತಪ್ಪಿರುವ ಪುಸ್ತಕವನ್ನು ಜನರ ಕೈಗೆ ಕೊಡಬಾರದು. ಮಾತು ಗೌರವಕ್ಕೆ ತಕ್ಕದ್ದೇ, ಆದರೆ ಅದನ್ನೇ ಜರಡಿ ಮಾಡಿಕೊಂಡರೆ ಎಚ್.ಜಿ. ವೆಲ್ಸ್ ಅವರ 1895ರ ‘ದಿ ಟೈಮ್ ಮಷೀನ್’ ಮೊದಲ ಸುತ್ತಿಗೇ ಉದುರಿಹೋಗುತ್ತದೆ. ಆ ಯಂತ್ರ ಹೇಗೆ ನಡೆಯುತ್ತದೆಂದು ವೆಲ್ಸ್ ಗಟ್ಟಿಯಾಗಿ ಹೇಳುವುದೇ ಇಲ್ಲ. ಮೇಲೆ ಆಡಿಕೊಂಡಿರುವವರು, ನೆಲದಡಿ ದುಡಿಯುವವರು ಎಂದು ಮನುಷ್ಯರು ಎರಡು ಜೀವಜಾತಿಗಳಾಗಿ ಒಡೆದುಹೋದ ಕಾಲಕ್ಕೆ ಓದುಗರನ್ನು ಒಯ್ಯುವುದಕ್ಕೆ ಅವರಿಗೊಂದು ಬಂಡಿ ಬೇಕಿತ್ತು. ವಿಜ್ಞಾನದ ವಿವರಕ್ಕಿಂತ ವಿಜ್ಞಾನದ ನಡೆ ಮುಖ್ಯ ಅನ್ನುವವರಿಗೆ ತೇಜಸ್ವಿಯವರ ‘ಕರ್ವಾಲೊ’ ಇದೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಸೈನ್ಸ್ ಫಿಕ್ಷನ್ ಅಲ್ಲ. ಹಾರುವ ಓತಿಯ ಬೆನ್ನುಹತ್ತಿದ ವಿಜ್ಞಾನಿ, ಊರವರ ಲೆಕ್ಕದಲ್ಲಿ ನಿರುಪಯೋಗಿಯಾದ ಮಂದಣ್ಣನ ಕಣ್ಣನ್ನು ನಂಬುವುದು ಅದರ ಜೀವಾಳ. ಪದವಿ ಇರುವವರ ಮಾತೇ ಸತ್ಯ ಅನ್ನುವ ಕಟ್ಟಳೆ ಅಲ್ಲಿ ಕಳಚಿಬೀಳುತ್ತದೆ. ಕಾಡಂಚಿನ ಕಲಘಟಗಿಯ ಓದುಗರಿಗೆ, ಗಿಡಮೂಲಿಕೆ ಬಲ್ಲವರನ್ನೂ ಜೇನು ಕೀಳುವವರನ್ನೂ ಕಂಡವರಿಗೆ, ಇದರ ಬಗ್ಗೆ ಲೇಖಕರ ಜೊತೆ ವಾದ ಹೂಡುವಷ್ಟು ಬಂಡವಾಳವಿದೆ. ಧಾರವಾಡ ಕಡೆಯ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನೂ ಈ ಕಣ್ಣಿನಿಂದಲೇ ಮತ್ತೆ ತೆರೆದು ನೋಡಬೇಕು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೂ ಉಳಿದಿದೆ. ದಿನವಿಡೀ ನೀರು, ಸಾಲ, ಬೆಲೆ ಎಂದು ಬಡಿದಾಡಿದವರು ಸಂಜೆ ಓದಲು ಕೂತರೆ ಅಲ್ಲಿಯೂ ಅದೇ ನೀರು, ಅದೇ ಸಾಲವೇ? ಬೇರೆ ಲೋಕಕ್ಕೆ ಹೋಗುವುದೇ ಈ ಲೋಕವನ್ನು ಮರೆಯುವುದಕ್ಕಲ್ಲವೇ? ಇದಕ್ಕೆ ಪೂರ್ತಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಹಳ್ಳಿಯವರೆಂದರೆ ಹಳ್ಳಿಯ ಸಮಸ್ಯೆಯನ್ನೇ ಓದಬೇಕೆಂದು ಕಟ್ಟಿಹಾಕುವುದು ಒಂದು ಬಗೆಯ ತಾತ್ಸಾರವೇ. ಅದಕ್ಕೆ ಮೂರಕ್ಕೊಂದು ಪುಸ್ತಕವನ್ನಾದರೂ ಯಾವ ನಂಟನ್ನೂ ನೋಡದೆ, ಬರಿಯ ಬೆರಗಿಗಾಗಿ ಆರಿಸಬೇಕು. ಆದರೆ ಆ ಬೆರಗು ಗೊತ್ತಿಲ್ಲದ್ದರಿಂದ ಮಾತ್ರ ಹುಟ್ಟುತ್ತದೆಂದು ತಿಳಿಯುವುದು ಸರಿಯಲ್ಲ. ಕಂಬಾರರ ‘ಶಿಖರಸೂರ್ಯ’ದ ಶಿವಾಪುರ, ಕನಕಪುರಿ ಯಾವ ನಕಾಶೆಯಲ್ಲೂ ಇಲ್ಲ, ಅಲ್ಲಿನ ಮಾತಿನ ಲಯ, ದೇವರ ಗುಡಿ, ಮದ್ದುಮಾಟ, ಅರಮನೆಯ ದುರಾಸೆ ಬೆಳಗಾವಿ ಸೀಮೆಯ ನೆಲದಿಂದ ಎದ್ದವು. ಬಯಲಾಟ ನೋಡಿ ಬೆಳೆದವರಿಗೆ ಅದು ಪರಿಚಿತವಾಗಿಯೂ ಪರಕೀಯವಾಗಿಯೂ ಕಾಣುತ್ತದೆ, ಅದಕ್ಕೇ ಮೈಮರೆಸುತ್ತದೆ.

ಉಳಿದದ್ದು ಕೈಗೆಟಕುವ ಮಾತು. ಒಳ್ಳೆಯ ಪುಸ್ತಕಗಳಲ್ಲಿ ಹಲವು ಇಂಗ್ಲಿಷಿನಲ್ಲಿವೆ, ಕೆಲವು ದಪ್ಪಗಿವೆ, ಎಲ್ಲರಿಗೂ ಪ್ರತಿ ಕೊಳ್ಳಲಾಗದು. ಇದಕ್ಕೆ ಈ ಸೀಮೆಯಲ್ಲಿ ಹಳೆಯ ದಾರಿ ಇದೆ: ಪುರಾಣದಲ್ಲಿ ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ‘ಡ್ಯೂನ್’ ಅನ್ನು ಕಾಲೇಜು ಓದುವ ಮಗಳೊಬ್ಬಳು ಓದಿಕೊಂಡು ಬಂದು ಕಂತುಕಂತಾಗಿ ಕನ್ನಡದಲ್ಲಿ ಹೇಳಿದರೆ ಅಕ್ಷರ ಬಾರದ ಅಜ್ಜಿಯೂ ಬಳಗದ ಸದಸ್ಯೆಯೇ. ಪುಟಗಳ ಲೆಕ್ಕಕ್ಕೆ ಹೊಲದ ಪಂಚಾಂಗ ಸಾಕು. ಬಿತ್ತನೆಯ ಜೂನ್, ಅಕ್ಟೋಬರಿನಲ್ಲಿ ‘ಸುಲ್ತಾನಾಸ್ ಡ್ರೀಮ್’, ‘ನೈಟ್‌ಫಾಲ್’ನಂಥ ಸಣ್ಣ ಕಥೆ, ಶ್ರಾವಣಕ್ಕೆ ‘ಕರ್ವಾಲೊ’, ಕಡಲೆ, ಕುಸುಬೆ ಮನೆ ಸೇರಿ ಹೊಲ ಖಾಲಿಯಾದ ಬೇಸಿಗೆಗೆ ‘ಶಿಖರಸೂರ್ಯ’.