ಫ್ರಿಜ್‌ನಲ್ಲಿಟ್ಟ ಅನ್ನ ಎಷ್ಟು ಕ್ಷೇಮ?

“ಡಾಕ್ಟ್ರೇ, ಹೊರಗಿನ ತಿಂಡಿ ಮುಟ್ಟಿಲ್ಲ. ಮನೆಯಲ್ಲೇ ಮಾಡಿದ ಅನ್ನ, ಅದೂ ಫ್ರಿಜ್‌ನಲ್ಲಿ ಇಟ್ಟದ್ದು. ಬೆಳಿಗ್ಗೆ ಚಿತ್ರಾನ್ನ ಮಾಡಿ ತಿಂದೆವು. ಆದರೂ ಮಕ್ಕಳಿಗೆ ವಾಂತಿ ಏಕಾಯಿತು?”

ವೈದ್ಯರ ಮುಂದೆ ಇಂಥ ಪ್ರಶ್ನೆ ಬರುವುದುಂಟು. ಕೆದಕಿ ಕೇಳಿದರೆ ಕಥೆ ಹೀಗಿರುತ್ತದೆ: ಅನ್ನ ಮಾಡಿದ್ದು ಸಂಜೆ ಏಳಕ್ಕೆ. ಊಟವಾದ ಮೇಲೆ ‘ಬಿಸಿ ಆರಲಿ’ ಎಂದು ಪಾತ್ರೆ ಕಟ್ಟೆಯ ಮೇಲೆಯೇ ಉಳಿಯಿತು. ಅದು ಫ್ರಿಜ್ ಸೇರಿದ್ದು ಮಲಗುವ ಮುನ್ನ, ಹನ್ನೊಂದೂವರೆಗೆ. ಮಧ್ಯರಾತ್ರಿ ಕರೆಂಟ್ ಬೇರೆ ಹೋಗಿತ್ತು.

ಫ್ರಿಜ್ ತಂಪನ್ನು ತಯಾರಿಸುತ್ತದೆ, ಆ ತಂಪಿಗೆ ರೋಗಾಣುಗಳು ಸಾಯುತ್ತವೆ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ಎರಡೂ ಸರಿಯಲ್ಲ. ಫ್ರಿಜ್ ಮಾಡುವ ಕೆಲಸವೇನೆಂದು ತಿಳಿದರೆ ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವುದೇಕೆ?

ಇಂಜೆಕ್ಷನ್‌ಗೆ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ಆ ಜಾಗ ತಣ್ಣಗಾಗುತ್ತದೆ. ಸ್ಪಿರಿಟ್ ಬೇಗ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ನಮ್ಮ ಚರ್ಮದಿಂದಲೇ ತೆಗೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಇದೇ ರೀತಿ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಒಯ್ಯುತ್ತದೆ.

ಫ್ರಿಜ್‌ನಲ್ಲಿ ನಡೆಯುವುದೂ ಇದೇ. ಆದರೆ ಆವಿಯನ್ನು ಗಾಳಿಗೆ ಬಿಡದೆ ಮತ್ತೆ ಹಿಡಿದು ಬಳಸಲಾಗುತ್ತದೆ. ಮುಚ್ಚಿದ ಕೊಳವೆಗಳಲ್ಲಿ ಒಂದು ಶೈತ್ಯಕಾರಕ ಸುತ್ತುತ್ತಿರುತ್ತದೆ. ಇಂದಿನ ಅನೇಕ ಫ್ರಿಜ್‌ಗಳಲ್ಲಿ ಇದು ಐಸೊಬ್ಯುಟೇನ್. ಸಾಮಾನ್ಯ ಒತ್ತಡದಲ್ಲಿ ಇದು ಸುಮಾರು ಸೊನ್ನೆಗಿಂತ 12 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಫ್ರೀಜರ್ ಸುತ್ತಲಿನ ಕೊಳವೆಯಲ್ಲಿ ಇದು ಆವಿಯಾಗುವಾಗ ಒಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಎಳೆದುಕೊಂಡು ಒತ್ತುತ್ತದೆ. ಒತ್ತಿದ ಆವಿ ಬಿಸಿಯಾಗುತ್ತದೆ. ಹಿಂಬದಿಯ ಕಪ್ಪು ಸುರುಳಿಯಲ್ಲಿ ಆ ಬಿಸಿ ಕೋಣೆಯ ಗಾಳಿಗೆ ಹೋಗಿ ಆವಿ ಮರಳಿ ದ್ರವವಾಗುತ್ತದೆ. ಕೂದಲೆಳೆಯಂತಹ ಸಣ್ಣ ಕೊಳವೆಯ ಮೂಲಕ ನುಗ್ಗಿ, ಒತ್ತಡ ಕಳೆದುಕೊಂಡು, ಮತ್ತೆ ಆವಿಯಾಗಲು ಹೊರಡುತ್ತದೆ. ಕೆಲವು ಮಾದರಿಗಳಲ್ಲಿ ಈ ಸುರುಳಿ ಪಕ್ಕದ ಗೋಡೆಯೊಳಗೆ ಹುದುಗಿರುತ್ತದೆ. ಫ್ರಿಜ್‌ನ ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ.

ಅಂದರೆ ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಸಾಗಿಸುವ ಯಂತ್ರ, ಅಷ್ಟೆ. ಈ ಸಾಗಾಟಕ್ಕೆ ಸಮಯ ಬೇಕು. ದೊಡ್ಡ ಪಾತ್ರೆಯ ತುಂಬ ಬಿಸಿ ಅನ್ನ ಇಟ್ಟರೆ ಅಂಚು ತಣ್ಣಗಾದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ರೋಗಾಣುಗಳಿಗೆ ಬೇಕಾದದ್ದು ಇದೇ.

ತಂಪಿಗೆ ರೋಗಾಣು ಸಾಯುವುದಿಲ್ಲ

ಆಹಾರದಲ್ಲಿ ಬೆಳೆಯುವ ರೋಗಾಣುಗಳಿಗೆ 5ರಿಂದ 60 ಡಿಗ್ರಿವರೆಗಿನ ಉಷ್ಣತೆ ಅಪಾಯದ ವಲಯ. ಅನುಕೂಲವಾದ ಬಿಸಿಯಲ್ಲಿ ಕೆಲವು ರೋಗಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಈ ಲೆಕ್ಕದಲ್ಲಿ ಒಂದೇ ಒಂದು ರೋಗಾಣು 7 ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ! 4 ಡಿಗ್ರಿಗೆ ಇಳಿದರೆ ಬಹುಪಾಲು ರೋಗಾಣುಗಳ ಬೆಳವಣಿಗೆ ತೀರ ನಿಧಾನವಾಗುತ್ತದೆ. ಆದರೆ ಅವು ಸಾಯುವುದಿಲ್ಲ. ಹೊರತೆಗೆದು ಬೆಚ್ಚಗಾಗಲು ಬಿಟ್ಟರೆ ಮತ್ತೆ ಬೆಳೆಯತೊಡಗುತ್ತವೆ. ಲಿಸ್ಟೀರಿಯಾ ಎಂಬ ರೋಗಾಣುವಂತೂ ಫ್ರಿಜ್‌ನ ತಂಪಿನಲ್ಲೂ ಮೆಲ್ಲಗೆ ಬೆಳೆಯಬಲ್ಲದು. ಗರ್ಭಿಣಿಯರು ಬಹಳ ದಿನ ಫ್ರಿಜ್‌ನಲ್ಲಿದ್ದ ಆಹಾರವನ್ನು ತಿನ್ನದಿರುವುದು ಇದರಿಂದಾಗಿಯೇ ಒಳ್ಳೆಯದು.

ಇನ್ನು ಅನ್ನದ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಇರುವುದು ಸಾಮಾನ್ಯ. ಗಟ್ಟಿ ಕವಚದೊಳಗೆ ಬೀಜಾಣು ರೂಪದಲ್ಲಿರುವ ಇದು ಅನ್ನ ಬೆಂದರೂ ಉಳಿಯಬಲ್ಲದು. ಬೆಂದ ಅನ್ನ ಹೊರಗೆ ಉಗುರುಬೆಚ್ಚಗೆ ಕುಳಿತಾಗ ಎಚ್ಚೆತ್ತು ಬೆಳೆದು ವಿಷ ಸೂಸುತ್ತದೆ. ಇದರಲ್ಲಿ ವಾಂತಿ ತರಿಸುವ ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಒಗ್ಗರಣೆಯ ಶಾಖಕ್ಕೂ ಅದು ಜಗ್ಗದು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಅಂಥ ಅನ್ನದ ವಾಸನೆಯಾಗಲಿ ರುಚಿಯಾಗಲಿ ಕೆಟ್ಟಿರಲೇಬೇಕೆಂದಿಲ್ಲ.

ಆ ಮನೆಯಲ್ಲಿ ತಪ್ಪು ನಡೆದದ್ದು ಬಹುಶಃ ಅನ್ನ ಫ್ರಿಜ್ ಸೇರುವ ಮೊದಲೇ, ಕಟ್ಟೆಯ ಮೇಲೆ ಕಳೆದ ಆ ನಾಲ್ಕೂವರೆ ಗಂಟೆಗಳಲ್ಲಿ. ಆಮೇಲೆ ಎಷ್ಟು ತಣ್ಣಗಿಟ್ಟರೂ ಹುಟ್ಟಿದ ವಿಷ ಹೋಗುವುದಿಲ್ಲ.

ನೀವು ಮಾಡಬೇಕಾದದ್ದು

* ಉಳಿದ ಅನ್ನ, ಹುಳಿ, ಪಲ್ಯಗಳನ್ನು ಅಗಲವಾದ, ಆಳವಿಲ್ಲದ ತಟ್ಟೆ ಅಥವಾ ಡಬ್ಬಿಗಳಿಗೆ ಹಂಚಿ. ಹಬೆ ಅಡಗಿದೊಡನೆ ಮುಚ್ಚಿ ಫ್ರಿಜ್‌ನಲ್ಲಿಡಿ. ಮಾಡಿದ ಎರಡು ಗಂಟೆಯೊಳಗೆ, ಕಡು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಅದು ಒಳಗಿರಬೇಕು. ಪೂರ್ತಿ ಆರಲೇಬೇಕೆಂದು ಕಾಯಬೇಡಿ.

* ಅನ್ನವನ್ನು ಮರುದಿನವೇ ಮುಗಿಸಿ. ಹಬೆಯಾಡುವಷ್ಟು ಬಿಸಿ ಮಾಡಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಒಳಗಿಡಬೇಡಿ.

* ಫ್ರಿಜ್‌ನೊಳಗಿನ ಗುಂಡಿಯ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಒಳಗೆ 4 ಡಿಗ್ರಿ ಅಥವಾ ಅದಕ್ಕೂ ಕಡಿಮೆ, ಫ್ರೀಜರ್‌ನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರಬೇಕು. ಇದನ್ನು ನೋಡಲು ಫ್ರಿಜ್‌ಗೆಂದೇ ಸಣ್ಣ ಥರ್ಮಾಮೀಟರ್ ಸಿಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು.

* ಹಿಂಬದಿಯ ಸುರುಳಿಗೆ ಗಾಳಿ ಆಡುವಂತೆ ಗೋಡೆಯಿಂದ ನಾಲ್ಕಾರು ಅಂಗುಲ ದೂರವಿಡಿ. ದೂಳು ಕೂತರೆ ಪ್ಲಗ್ ತೆಗೆದು ಒರೆಸಿ. ಒಳಗೂ ಸಾಮಾನು ಇಡುಕಿರಿದು ತುಂಬಬೇಡಿ.

* ಬಾಗಿಲಿನ ರಬ್ಬರ್ ಪಟ್ಟಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಪಟ್ಟಿ ಸಡಿಲವಾಗಿದೆ, ಹೊರಗಿನ ಬಿಸಿ ಒಳಗೆ ನುಸುಳುತ್ತಿದೆ ಎಂದರ್ಥ.

* ಫ್ರೀಜರ್‌ನಲ್ಲಿ ದಪ್ಪ ಐಸ್ ಕಟ್ಟಿದರೆ ಅದೇ ಕಂಬಳಿಯಂತಾಗಿ ಶಾಖ ಹೊರಹೋಗಲು ಬಿಡುವುದಿಲ್ಲ. ಫ್ರಿಜ್ ಆರಿಸಿ ಐಸ್ ಕರಗಲು ಬಿಡಿ. ಚಾಕುವಿನಿಂದ ಕೆತ್ತಬೇಡಿ, ಕೊಳವೆ ತೂತಾಗಬಹುದು, ಐಸೊಬ್ಯುಟೇನ್ ಬೆಂಕಿ ಹತ್ತುವ ಅನಿಲ.

* ಹಸಿ ಮೀನು, ಮಾಂಸ ಮುಚ್ಚಿದ ಡಬ್ಬಿಯಲ್ಲಿ, ಕೆಳಗಿನ ತಟ್ಟಿನಲ್ಲಿರಲಿ. ಮೇಲಿಟ್ಟರೆ ಅದರ ನೀರು ಬೇಯಿಸಿದ ಆಹಾರದ ಮೇಲೆ ತೊಟ್ಟಿಕ್ಕಬಹುದು. ಬಾಗಿಲು ಪದೇ ಪದೇ ಬೆಚ್ಚಗಾಗುವ ಜಾಗವಾದ್ದರಿಂದ ಹಾಲನ್ನು ಒಳತಟ್ಟಿನಲ್ಲಿಡಿ.

* ಮಧುಮೇಹಿಗಳ ಬಳಸದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿ ಬೇಕು. ಅದನ್ನು ಫ್ರೀಜರ್‌ನಲ್ಲಾಗಲಿ ಅದಕ್ಕೆ ತಾಗಿಸಿಯಾಗಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು.

ಕರೆಂಟ್ ಹೋದಾಗ

ಶಾಖ ಸಾಗಿಸುವ ಕೆಲಸ ನಿಂತಿರುತ್ತದೆ. ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಾಲು, ಮಾಂಸ, ಬೇಯಿಸಿದ ಆಹಾರಗಳನ್ನು ಬಿಸಾಡುವುದೇ ಕ್ಷೇಮ. ‘ಚೆನ್ನಾಗಿದೆಯೇ’ ಎಂದು ರುಚಿ ನೋಡಿ ಪರೀಕ್ಷಿಸಬೇಡಿ.

ವಾಂತಿ ಭೇದಿಯಾದವರಿಗೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಮೂತ್ರ ಕಡಿಮೆಯಾದರೆ, ಮಂಪರು ಕವಿದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಎಳೆಯ ಮಕ್ಕಳು, ವೃದ್ಧರು ಮತ್ತು ಗರ್ಭಿಣಿಯರ ವಿಷಯದಲ್ಲಿ ಇಷ್ಟಕ್ಕೆಲ್ಲ ಕಾಯಲೇಬೇಡಿ.

ಒಂದು ಹಿಡಿ ಅನ್ನ ಎಸೆಯಲು ನಮ್ಮ ಹಿರಿಯರಿಗೆ ಮನಸ್ಸು ಬಾರದು, ಅದು ಸಹಜವೇ. ಎಸೆಯುವ ಪ್ರಸಂಗ ಬಾರದಿರಬೇಕಾದರೆ ಇಂದು ರಾತ್ರಿ ಊಟ ಮುಗಿದ ಕೂಡಲೇ, ಪಾತ್ರೆ ತೊಳೆಯುವುದಕ್ಕೂ ಮೊದಲು, ಉಳಿದ ಅನ್ನವನ್ನು ತಟ್ಟೆಗೆ ಹರಡಿಬಿಡಿ.