ಜೀಪಿನ ಮೆರವಣಿಗೆ ಮುಗಿದ ಮರುದಿನ

ಬೈಲಹೊಂಗಲ, ಸವದತ್ತಿ ಕಡೆ ಸೈನಿಕ ನಿವೃತ್ತನಾಗಿ ಬಂದ ದಿನ ಊರಿಗೇ ಹಬ್ಬ. ತೆರೆದ ಜೀಪು, ಕೊರಳ ತುಂಬ ಹಾರ, ಹಲಗಿ ಸದ್ದು, ಆರತಿ ಹಿಡಿದು ನಿಂತ ಅವ್ವ.

ಮರುದಿನ ನಸುಕಿನ ಐದಕ್ಕೇ ಎಚ್ಚರ. ಸೀಟಿ ಊದುವವರಿಲ್ಲ, ಹಾಜರಿ ಇಲ್ಲ. ವಯಸ್ಸು ಇನ್ನೂ ನಲವತ್ತರ ಆಸುಪಾಸು.

ಸಿಪಾಯಿಗೆ 15 ವರ್ಷ ಸೇವೆಯಾದರೆ ಪಿಂಚಣಿ. ಮಕ್ಕಳು ಶಾಲೆಯಲ್ಲಿರುವಾಗಲೇ ಅಪ್ಪ ಮನೆಗೆ ಬಂದಿರುತ್ತಾನೆ. ಪಿಂಚಣಿಯಿಂದ ಸಂಸಾರ ನಡೆದೀತು. ‘ಇವತ್ತು ನಾನು ಯಾರಿಗೆ ಬೇಕು?’ ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಯಾರ ಮುಂದೂ ಆಡದೆ ಕಟ್ಟೆ ಮೇಲೆ ಸುಮ್ಮನೆ ಕೂತವರನ್ನು ಕಂಡರೆ ಕರುಳು ಚುರ್ ಅನ್ನುತ್ತದೆ.

ಅಣ್ಣಾ, ಮೊದಲು ಡಿಸ್ಚಾರ್ಜ್ ಬುಕ್ ಹಿಡಿದು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಹೋಗಿ, ಹೆಸರು ನೋಂದಾಯಿಸಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ, ವಯೋಮಿತಿಯಲ್ಲೂ ಸಡಿಲಿಕೆ ಇದೆ.

ಅವಸರ ಬೇಡ. ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಊರಿಗೆ ಬಂದು ಹಿಡಿದದ್ದು ಬೇಸಾಯ. ಅವರ ಏರ್ ಡೆಕ್ಕನ್ ವಿಮಾನ ಹಾರಿದ್ದು ಎಷ್ಟೋ ವರ್ಷಗಳ ನಂತರ, 2003ರಲ್ಲಿ.

ಇನ್ನೊಂದು ಕೆಲಸ ನಿಮ್ಮೂರಲ್ಲೇ ಇದೆ. ಭರ್ತಿಯ 1600 ಮೀಟರ್ ಓಟಕ್ಕೆ ಹುಡುಗರು ನಸುಕಿನಲ್ಲೇ ರಸ್ತೆಗಿಳಿಯುತ್ತಾರೆ. 2022ರಲ್ಲಿ ಅಗ್ನಿಪಥ ಬಂದಾಗಿನಿಂದ ಸೇರಿದವರಲ್ಲಿ ಹೆಚ್ಚಿನವರು ನಾಲ್ಕೇ ವರ್ಷಕ್ಕೆ ಮರಳಬೇಕು. ಓಟದ ಜೊತೆಗೆ ಮರಳಿದ ಮೇಲಿನ ಬದುಕಿನ ಬಗ್ಗೆಯೂ ಅವರಿಗೆ ಈಗಲೇ ಯಾರಾದರೂ ಹೇಳಬೇಕಲ್ಲ?

ಹೇಗೂ ಐದಕ್ಕೆ ಎಚ್ಚರ ಆಗುತ್ತದೆ. ನಾಳೆ ಕೊರಳಿಗೆ ಒಂದು ಸೀಟಿ ಹಾಕಿಕೊಂಡು ಹೊರಡಿ.