ಬಾಗಿಲು ಕಾಯುವವನೂ ವಿಶ್ವವಿದ್ಯಾಲಯದವನೇ

ಸ್ಪೇನ್ ದೇಶಕ್ಕೆ ಸೇರಿದ ಮಜೋರ್ಕ ದ್ವೀಪದ ಯೇಸುಸಭೆಯ ವಿದ್ಯಾಲಯವೊಂದರಲ್ಲಿ ನಾಲ್ಕು ಶತಮಾನಗಳ ಹಿಂದೆ ಬಾಗಿಲು ಕಾಯುವ ಸಹೋದರನೊಬ್ಬನಿದ್ದ. ಹೆಂಡತಿ ಮಕ್ಕಳನ್ನು ಕಳೆದುಕೊಂಡು, ಉಣ್ಣೆಯ ವ್ಯಾಪಾರದಲ್ಲಿ ಸೋತು, ನಡುವಯಸ್ಸಿನಲ್ಲಿ ಸಭೆಯನ್ನು ಸೇರಿದವನು, ಹೆಚ್ಚು ಓದಿದವನಲ್ಲ. ತತ್ವಶಾಸ್ತ್ರ ಕಲಿಯಲೆಂದು ಅಲ್ಲಿಗೆ ಬಂದ ಪೇತ್ರ ಕ್ಲಾವೆರ್ ಎಂಬ ತರುಣ ಈ ದ್ವಾರಪಾಲಕನ ಮಾತಿಗೆ ಮನಸೋತ. ಅವನ ಪ್ರೇರಣೆಯಿಂದಲೇ ಅಮೆರಿಕ ಖಂಡಕ್ಕೆ ಹೊರಟು, ಕಾರ್ತಜೇನ ಬಂದರಿನಲ್ಲಿ ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ಸೇವೆಯಲ್ಲಿ ತನ್ನ ಬಾಳನ್ನು ಸವೆಸಿದ. 1888ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಇಬ್ಬರನ್ನೂ ಒಂದೇ ದಿನ ಸಂತರೆಂದು ಘೋಷಿಸಿದರು. ಆ ದ್ವಾರಪಾಲಕನೇ ಸಂತ ಅಲ್ಫೋನ್ಸ್ ರೊಡ್ರಿಗಸ್. ಕ್ಲಾವೆರ್‌ಗೆ ತರ್ಕಶಾಸ್ತ್ರ ಬೋಧಿಸಿದ ಪ್ರಾಧ್ಯಾಪಕರು ಯಾರೋ, ಧರ್ಮಸಭೆಯ ಪಂಚಾಂಗದಲ್ಲಿ ಅವರಿಗೆ ಸ್ಥಳವಿಲ್ಲ. ಒಂದು ಕಾಲಕ್ಕೆ ತರ್ಕಶಾಸ್ತ್ರದಲ್ಲಿ ಮುಳುಗಿದ್ದವನಾದ ನಾನು ಇದನ್ನು ಬರೆಯುವಾಗ ನಗು ತಡೆಯಲಾರೆ.

ಈ ಸಂತರನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ನಮ್ಮ ಕಾಲೇಜುಗಳು ಒಂದೊಂದಾಗಿ ವಿಶ್ವವಿದ್ಯಾಲಯಗಳಾಗುತ್ತಿವೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಆ ಪದವಿಯನ್ನು ಪಡೆಯಿತು. 1882ರಲ್ಲಿ ಆರಂಭವಾದ ಸಂತ ಜೋಸೆಫರ ಕಾಲೇಜಿನ ವಿಶ್ವವಿದ್ಯಾಲಯವನ್ನು 2022ರಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. 1880ರಲ್ಲಿ ಹುಟ್ಟಿದ ಮಂಗಳೂರಿನ ಸಂತ ಅಲೋಶಿಯಸ್ 2024ರಲ್ಲಿ ಅದೇ ಸಾಲಿಗೆ ಸೇರಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ಹೆಸರಿನ ಫಲಕ ಬದಲಾದಾಗ ಆ ಹೆಸರಿನ ಅರ್ಥವೇನೆಂದು ಒಮ್ಮೆ ಕೇಳಿಕೊಳ್ಳುವುದು ಲೇಸು.

'ಯೂನಿವರ್ಸಿತಾಸ್' ಎಂಬ ಲತೀನ್ ಪದ ಮೊದಲು ಕಟ್ಟಡವನ್ನಾಗಲೀ ಪದವಿಗಳನ್ನಾಗಲೀ ಸೂಚಿಸುತ್ತಿರಲಿಲ್ಲ. ಬೊಲೊನ್ಯ, ಪ್ಯಾರಿಸ್ ನಗರಗಳಲ್ಲಿ ಅದು ಗುರುಗಳ, ವಿದ್ಯಾರ್ಥಿಗಳ ಕೂಟಕ್ಕಿದ್ದ ಹೆಸರು. ನೇಕಾರರಿಗೂ ಬಡಗಿಗಳಿಗೂ ಒಂದೊಂದು ಸಂಘವಿದ್ದಂತೆ. ಆ ಕೂಟ ಬರಿಯ ಸದ್ಭಾವನೆಯಿಂದ ಬಾಳಲಿಲ್ಲ. ರಾಬರ್ಟ್ ದ ಸೋರ್ಬೊನ್ ಎಂಬ ಗುರು 1257ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಬಡ ದೈವಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಮನೆಯನ್ನು ಸ್ಥಾಪಿಸಿದಾಗ ದೊರೆ ಸಂತ ಒಂಬತ್ತನೆಯ ಲೂಯಿ ಧನವನ್ನೂ ನೆಲೆಯನ್ನೂ ಒದಗಿಸಿದ. ಅಂಥ ಮನೆಗಳಲ್ಲಿ ಊಟದ ಪಂಕ್ತಿ ಒಂದೇ, ಹಣದ ಚೀಲವೂ ಒಂದೇ. ಆ ಚೀಲಕ್ಕೆ 'ಬರ್ಸಾ' ಎನ್ನುತ್ತಿದ್ದರು. ಕಾಲೇಜುಗಳ 'ಬರ್ಸಾರ್' ಎಂಬ ಅಧಿಕಾರಿಯ ಹೆಸರು ಅಲ್ಲಿಂದಲೇ ಬಂತು.

ಆದುದರಿಂದ, ವಿಶ್ವವಿದ್ಯಾಲಯದ ಸಿಬ್ಬಂದಿ ಒಟ್ಟುಗೂಡಿ ನಡೆಸುವ ಸಣ್ಣ ಯೋಜನೆಗಳಿಗೆ ಹಣ ಮೀಸಲಿಡಬೇಕು ಎಂಬ ಮಾತು ಕೇಳಿದಾಗ 'ಸ್ನೇಹವನ್ನು ಹಣ ಕೊಟ್ಟು ಕೊಳ್ಳಲಾದೀತೆ?' ಎಂದು ಮೂಗು ಮುರಿಯುವವರನ್ನು ನಾನು ಒಪ್ಪಲಾರೆ. ಒಟ್ಟಿಗೆ ಉಪ್ಪು ತಿನ್ನುವ ತನಕ ಜನ ಪರಸ್ಪರರನ್ನು ಅರಿಯಲಾರರು ಎಂಬ ಗಾದೆಯನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಸ್ಮರಿಸುತ್ತಾನೆ. ಉಪ್ಪಿನ ಋಣ ನಮಗೇನೂ ಹೊಸತಲ್ಲ. ಹಣ ಸ್ನೇಹವನ್ನು ಕೊಳ್ಳದು, ನಿಜ; ಆದರೆ ಉಪ್ಪನ್ನು ಕೊಳ್ಳುವುದಕ್ಕಾದರೂ ಹಣ ಬೇಕಷ್ಟೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ, ಅಂದರೆ ಎಂ.ಐ.ಟಿ., ಇದನ್ನು ಕಹಿಯಾದ ರೀತಿಯಲ್ಲಿ ಕಲಿತುಕೊಂಡಿತು. ಬುದ್ಧಿ ಮತ್ತು ಕೈ ಎಂಬುದು ಅದರ ಧ್ಯೇಯವಾಕ್ಯ. ಆದರೆ 2014-15ರ ಶೈಕ್ಷಣಿಕ ವರ್ಷದಲ್ಲಿ ಒಂದರ ಹಿಂದೊಂದು ಆತ್ಮಹತ್ಯೆಗಳಿಂದ ಆ ಆವರಣ ತತ್ತರಿಸಿತು. 2015ರಲ್ಲಿ ಅಲ್ಲಿ ಆರಂಭಿಸಿದ ಉಪಕ್ರಮಕ್ಕೆ ಬುದ್ಧಿ, ಕೈ, ಹೃದಯ ಎಂಬ ಹೆಸರನ್ನಿಟ್ಟರು. ಹಳೆಯ ವಾಕ್ಯದಲ್ಲಿ ಇಲ್ಲದಿದ್ದ ಮೂರನೆಯ ಪದವನ್ನು ಸೇರಿಸಿದರು. ಅದರ ಅಂಗವಾಗಿ ಒಂದು ನಿಧಿಯೂ ಸ್ಥಾಪನೆಯಾಯಿತು. ವಿದ್ಯಾರ್ಥಿಗಳಷ್ಟೇ ಅಲ್ಲ, ಅಧ್ಯಾಪಕರೂ ಕಚೇರಿಯ ಸಿಬ್ಬಂದಿಯೂ ತಮ್ಮ ಆಲೋಚನೆಯನ್ನು ಬರೆದು ಅದರಿಂದ ಧನಸಹಾಯ ಕೇಳಬಹುದಾಗಿತ್ತು. ನೆರವು ಪಡೆದವುಗಳಲ್ಲಿ ಅಧ್ಯಾಪಕರೊಡನೆ ಕುಳಿತು ಚಹಾ ಕುಡಿಯುತ್ತ ಮಾತನಾಡುವ ಕಾರ್ಯಕ್ರಮವೂ ಒಂದು. ಚಹಾಕ್ಕೂ ಅನುದಾನವೇ ಎನ್ನಬೇಡಿರಿ. ಮಹಾ ವಿಜ್ಞಾನಿಯ ಕೊಠಡಿಯ ಬಾಗಿಲು ತಟ್ಟಲು ಅಂಜುವ ಹುಡುಗನಿಗೆ ಆ ಒಂದು ಬಟ್ಟಲು ಬಾಗಿಲಿನ ಕೀಲಿಯಾಗುತ್ತದೆ.

ನಮ್ಮವರದೇ ಆದ ಉದಾಹರಣೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್. 1789ರಲ್ಲಿ ಸ್ಥಾಪಿತವಾದ, ಯೇಸುಸಭೆಯ ಪರಂಪರೆಯ ವಿಶ್ವವಿದ್ಯಾಲಯ. 2005ರ ತಪಸ್ಸುಕಾಲದಲ್ಲಿ ಅಲ್ಲಿಯ ಇಪ್ಪತ್ತಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಒಂದು ವಾರಕ್ಕೂ ಹೆಚ್ಚು ಕಾಲ ಉಪವಾಸ ಕುಳಿತರು. ಅವರು ಕೇಳಿದ್ದು ತಮಗಾಗಿ ಏನನ್ನೂ ಅಲ್ಲ. ತಮ್ಮ ತರಗತಿಗಳನ್ನು ಗುಡಿಸುವ ಗುತ್ತಿಗೆ ನೌಕರರಿಗೆ ಬದುಕಲು ಸಾಲುವಷ್ಟು ಕೂಲಿ. ಆಡಳಿತ ಮಣಿದು ನ್ಯಾಯಯುತ ಉದ್ಯೋಗ ನೀತಿಯೊಂದನ್ನು ಅಂಗೀಕರಿಸಿತು. 2016ರ ಸುಮಾರಿಗೆ ಅದೇ ಆವರಣದಲ್ಲಿ, ಭಾರತದಿಂದ ವಲಸೆ ಹೋದ ವಿದ್ಯಾರ್ಥಿಯೊಬ್ಬ ತಾನು ಓದುತ್ತಿದ್ದ ಕಟ್ಟಡವನ್ನು ರಾತ್ರಿ ಶುಚಿಗೊಳಿಸುತ್ತಿದ್ದ ನೌಕರನೊಡನೆ ಮಾತಿಗಿಳಿದ. ಆ ಪರಿಚಯದಿಂದ, ಯಾರೂ ಗಮನಿಸದ ನೌಕರರ ಕಥೆಗಳನ್ನು ಎಲ್ಲರಿಗೂ ತಿಳಿಸುವ ಒಂದು ಯೋಜನೆ ಹುಟ್ಟಿತು. ದಶಕಗಳಿಂದ ತನ್ನವರನ್ನು ಕಾಣದಿದ್ದ ಊಟದ ಮನೆಯ ನೌಕರನೊಬ್ಬನ ಪ್ರಯಾಣಕ್ಕಾಗಿ 5,000 ಡಾಲರಿಗೂ ಹೆಚ್ಚು ಹಣ ಕೂಡಿಬಂತು.

ಈ ಎರಡು ಘಟನೆಗಳ ಅನುಕ್ರಮವನ್ನು ಗಮನಿಸಿರಿ. ಮೊದಲು ಕೂಲಿ, ಆಮೇಲೆ ಗೆಳೆತನ. ತಿಂಗಳ ಕೊನೆಗೆ ಅಕ್ಕಿಗೆ ಪರದಾಡುವವನನ್ನು ಕರೆದು 'ಬಾ, ಸಮುದಾಯ ಕಟ್ಟೋಣ' ಎನ್ನುವುದು ಅಪಹಾಸ್ಯವಾದೀತು. ಎರಡನೆಯ ಯೋಜನೆಯ ಬಗ್ಗೆ ನನಗೆ ಗೌರವವಿದ್ದರೂ ಸಣ್ಣದೊಂದು ತಕರಾರಿದೆ. ಅದರಲ್ಲಿ ನೌಕರನು ಸಹಾಯ ಪಡೆಯುವವನಾಗಿದ್ದನೇ ಹೊರತು ಯೋಜನೆಗೆ ಒಡೆಯನಾಗಿರಲಿಲ್ಲ. ಕೊಡುವ ಕೈ ದೊಡ್ಡದು. ಆದರೆ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ ಇರುತ್ತದಲ್ಲ. ಪ್ರಯೋಗಾಲಯದ ಅಟೆಂಡರ್, ಗ್ರಂಥಾಲಯದ ಗುಮಾಸ್ತೆ, ಒಬ್ಬ ಉಪನ್ಯಾಸಕ ಈ ಮೂವರೂ ಒಂದೇ ಅರ್ಜಿಗೆ ಸಹಿ ಹಾಕಿದರೆ ಮಾತ್ರ ಹಣ ಎಂಬ ನಿಬಂಧನೆಯಿರುವ ನಿಧಿ ಬೇರೆಯದೇ ಬಗೆಯದು. ಅರ್ಜಿ ಒಂದು ಪುಟವನ್ನು ಮೀರಬಾರದು, ಮತ್ತು ಕನ್ನಡದಲ್ಲಿ ಬರೆಯಲು ಅವಕಾಶವಿರಬೇಕು. ಇಲ್ಲವಾದರೆ ಉಪನ್ಯಾಸಕನೇ ಬರೆಯುತ್ತಾನೆ, ಉಳಿದಿಬ್ಬರು ಹೆಬ್ಬೆಟ್ಟು ಒತ್ತಿದಂತಾಗುತ್ತದೆ. ಹಣಕ್ಕಿಂತಲೂ ಮುಖ್ಯವಾಗಿ ಕೆಲಸದ ವೇಳೆಯಲ್ಲೇ ಅದಕ್ಕೆ ಬಿಡುವು ಸಿಗಬೇಕು. ಸಂಜೆ ಐದರ ಮೇಲೆ ಉಪನ್ಯಾಸಕನಿಗೆ ವಿರಾಮವಿದ್ದೀತು. ಗುಡಿಸುವ ಹೆಂಗಸಿಗೆ ಎರಡು ಬಸ್ಸು ಬದಲಿಸಿ ಮನೆ ಸೇರಬೇಕಾಗಿರುತ್ತದೆ.

ಕಳೆದ ವರ್ಷ, ಅಂದರೆ 2025ರ ನವೆಂಬರ್ 1ರಂದು, ಧರ್ಮಸಭೆಯ ಪಂಡಿತರೆಂದು ಘೋಷಿತರಾದ ಕಾರ್ಡಿನಲ್ ನ್ಯೂಮನ್ನರು, ಬರಿಯ ಪರೀಕ್ಷೆ ನಡೆಸಿ ಪದವಿ ಹಂಚುವ ಸಂಸ್ಥೆಗಿಂತ, ತರುಣರನ್ನು ಸುಮ್ಮನೆ ಒಂದೆಡೆ ಬಾಳಗೊಡುವ ಸಂಸ್ಥೆಯೇ ಮೇಲೆಂದು ವಾದಿಸಿದ್ದರು. ಆದರೂ ಅವರ ಕಣ್ಣಿನಲ್ಲಿದ್ದವರು ವಿದ್ಯಾರ್ಥಿಗಳು ಮತ್ತು ಗುರುಗಳು ಮಾತ್ರ. ಕಥೋಲಿಕ ವಿಶ್ವವಿದ್ಯಾಲಯಗಳನ್ನು ಕುರಿತು ಜಗದ್ಗುರು ಎರಡನೆಯ ಜಾನ್ ಪೌಲರು 1990ರ ಆಗಸ್ಟ್ 15ರಂದು ಹೊರಡಿಸಿದ ಪ್ರೇಷಿತ ಸಂವಿಧಾನ ಒಂದು ಹೆಜ್ಜೆ ಮುಂದೆ ಹೋಗಿ, ಬೋಧಕೇತರ ಸಿಬ್ಬಂದಿಯ ನಿಷ್ಠೆ ಮತ್ತು ಸಾಕ್ಷ್ಯ ಸಂಸ್ಥೆಯ ಅಸ್ತಿತ್ವಕ್ಕೇ ಜೀವಾಳವೆಂದು ಹೇಳಿತು. ಆ ವಾಕ್ಯ ನಮ್ಮ ಆಯವ್ಯಯ ಪತ್ರಗಳವರೆಗೆ ಇನ್ನೂ ಇಳಿದು ಬಂದಂತಿಲ್ಲ. ಆಡಳಿತ ಮಂಡಲಿಗಳಲ್ಲಿಯೂ ಹಳೆ ವಿದ್ಯಾರ್ಥಿ ಸಂಘಗಳಲ್ಲಿಯೂ ಇರುವ ನಮ್ಮ ಕುಟುಂಬಗಳ ಹಿರಿಯರು ಮುಂದಿನ ಸಭೆಯಲ್ಲಿ ಆ ಪತ್ರವನ್ನು ತರಿಸಿ ನೋಡಲಿ. ಬಣ್ಣ ಬಳಿಯಲು, ಕಮಾನು ಕಟ್ಟಲು ಬಾಬತ್ತುಗಳಿರುತ್ತವೆ.

ನಾನು ಕಲಿತ ಸೆಮಿನರಿಯಲ್ಲಿ ಒಬ್ಬ ಅಡಿಗೆಯವರಿದ್ದರು. ಸಾಮಾನ್ಯ ಹಿತವೆಂಬುದು ಬಿಡಿ ಬಿಡಿ ಹಿತಗಳ ಮೊತ್ತವಲ್ಲವೆಂದು ಸಂತ ಥಾಮಸ್ ಅಕ್ವಿನಾಸರನ್ನು ಓದಿ ನಾವು ಕಂಠಪಾಠ ಮಾಡುತ್ತಿದ್ದಾಗ ಅವರು ನಮಗೆ ಸಾರು ಬಡಿಸುತ್ತಿದ್ದರು. ಅವರು ತೀರಿಕೊಂಡ ದಿನ, ಸಮಾಧಿಯ ಬಳಿ ಅವರ ಮಗಳು ಒಂದು ಮಾತು ಹೇಳಿದಳು. ಅಡಿಗೆ ಮನೆಯ ಹಿಂದಿನ ಪಾಳು ನೆಲದಲ್ಲಿ ಬ್ರದರುಗಳೊಡನೆ ಸೇರಿ ತರಕಾರಿ ತೋಟ ಮಾಡಬೇಕೆಂದು ಅಪ್ಪನಿಗೆ ಬಲು ಆಸೆಯಿತ್ತಂತೆ. ಬೇಲಿಗೂ ನೀರಿನ ಕೊಳವೆಗೂ ಕೆಲವು ನೂರು ರೂಪಾಯಿ ಬೇಕಾಗಿತ್ತು. ಒಮ್ಮೆ ಕೇಳಿದ್ದರಂತೆ; ಅದಕ್ಕೆ ಬಾಬತ್ತಿಲ್ಲವೆಂಬ ಉತ್ತರ ಬಂದಿತ್ತು. ಆ ನೆಲದ ಅಂಚಿನಲ್ಲಿ ನಾನು ಮೂರು ವರ್ಷ ಜಪಮಾಲೆ ಹಿಡಿದು ಅಡ್ಡಾಡಿದ್ದೆ.